ಚೊಗರು ಚೆಲ್ಲುವ ಮುನ್ನ

ಅಡಿಕೆ ಸುಗ್ಗಿ ಮುಗಿದ ಮೇಲೆ ನಮ್ಮ ಅಂಗಳಗಳಲ್ಲಿ ಉಳಿಯುವ ವಸ್ತುಗಳ ಪೈಕಿ ಅತ್ಯಂತ ಕಡಿಮೆ ಮರ್ಯಾದೆ ಪಡೆದದ್ದು ಚೊಗರು. ಸಿಪ್ಪೆ ಗೊಬ್ಬರಗುಂಡಿ ಸೇರುತ್ತದೆ. ಹಾಳೆಗೆ ತಟ್ಟೆ ಮಾಡುವವರು ಬಂದಿದ್ದಾರೆ. ಸೋಗೆ ತೋಟದ ಮುಚ್ಚಿಗೆಗೆ ಆಗುತ್ತದೆ. ಚೊಗರನ್ನು ಮಾತ್ರ ಮುಂದಿನ ವರ್ಷದ ಮೊದಲ ಹಂಡೆಗೆ ಬೇಕಾದಷ್ಟು ಡಬ್ಬದಲ್ಲಿ ಎತ್ತಿಟ್ಟು, ಉಳಿದದ್ದನ್ನು ಚರಂಡಿಗೆ ಬಿಡುವುದು ಅನೇಕರಲ್ಲಿ ವಾಡಿಕೆ. ಧಾರಣೆ, ಕೊಳೆರೋಗ, ಕಾಯಿಕೊರಕ ಇವನ್ನೆಲ್ಲ ಬಿಟ್ಟು ಈ ಸಲ ಚೊಗರಿನ ವಿಚಾರ ಬರೆಯಲು ಹೊರಟಿದ್ದೇವೆ. ಅದರಲ್ಲಿಯೂ ಬಣ್ಣ ಮತ್ತು ಚಿತ್ರಕಲೆಯ ಸಂಬಂಧವಾಗಿ. ಇದು ಕೆಲವು ಸದಸ್ಯರಿಗೆ ವಿಚಿತ್ರವೆನಿಸೀತು. ಕಾಫಿ ಬೆಳೆಗಾರರು ಪುಟ ತಿರುವಿಯೂಬಿಟ್ಟಾರು. ಅವರಿಗೂ ಸಂಬಂಧಿಸಿದ ಮಾತು ಮುಂದೆ ಬರಲಿದೆಯಾದ್ದರಿಂದ ಕೊಂಚ ತಾಳ್ಮೆಯಿಂದಿರಬೇಕೆಂದು ಕೋರುತ್ತೇವೆ.

ಗಿಡಮರಗಳಿಂದ ತೆಗೆಯುವ ಹಳೆಯ ಬಣ್ಣಗಳಿಗೆ ಈಗ ಮತ್ತೆ ಬೇಡಿಕೆ ಹುಟ್ಟಿದೆ. ಬೇಡಿಕೆ ಹುಟ್ಟಿಸಿದವರು ಬಟ್ಟೆ ಗಿರಣಿಗಳವರಲ್ಲ. ಚಿತ್ರಕಾರರು, ಕೈಮಗ್ಗದವರು, ಕಲಾಶಾಲೆಗಳಲ್ಲಿ ಕಲಿತು ಬಂದ ಹೊಸಬರು. ಅವರು ಹುಡುಕುತ್ತಿರುವ ಬಣ್ಣಗಳಲ್ಲಿ ಒಂದು ದೊಡ್ಡ ಪಾಲು ಒಗರಿನಿಂದ ಬರುವ ಬಣ್ಣ. ಆ ಒಗರು ನಮ್ಮ ಹಂಡೆಯಲ್ಲಿ ಪ್ರತಿವರ್ಷ ತಾನಾಗಿಯೇ ಕುದಿದು ಗಟ್ಟಿಯಾಗುತ್ತದೆ. ಅದರ ಹೆಸರು, ಲೆಕ್ಕ ಮತ್ತು ಬೆಲೆ ಬೇಯಿಸುವವರ ಕೈಯಲ್ಲಿಯೇ ಇರಬೇಕು, ನಡುವಿನವರ ಕೈಗೆ ಹೋಗಬಾರದು ಎಂಬುದು ನಮ್ಮ ವಾದ. ಅದಕ್ಕಾಗಿ ಸಂಘ ಈಗಲೇ ಸಣ್ಣದೊಂದು ಹೆಜ್ಜೆ ಇಡಬೇಕೆಂಬುದು ನಮ್ಮ ಸೂಚನೆ.

ಒಗರು ಏನು ಮಾಡುತ್ತದೆಂಬುದನ್ನು ಅಡಿಕೆ ಬೆಳೆಗಾರನಿಗೆ ಪುಸ್ತಕ ನೋಡಿ ಹೇಳಬೇಕಾಗಿಲ್ಲ. ಎಲೆಯಡಿಕೆಗೆ ಸುಣ್ಣ ಸೇರಿದರೆ ಬಾಯಿ ಕೆಂಪಾಗುತ್ತದೆ. ಹಸಿ ಅಡಿಕೆ ಕೊಯ್ದ ಕಬ್ಬಿಣದ ಕತ್ತಿ ಕಪ್ಪಾಗುತ್ತದೆ, ಸುಲಿದವರ ಬೆರಳು ವಾರಗಟ್ಟಲೆ ಕಪ್ಪಾಗಿಯೇ ಉಳಿಯುತ್ತದೆ. ಹಿಂದಿನವರು ಅಡಿಕೆ ಬೇಯಿಸಲು ತಾಮ್ರದ ಹಂಡೆಯನ್ನೇ ಹಿಡಿದಿದ್ದರು. ಕಬ್ಬಿಣದ ಪಾತ್ರೆಗೆ ಒಗರು ತಾಗಿದರೆ ಅಡಿಕೆಯ ಕೆಂಪು ಕೆಡುತ್ತದೆಂಬುದು ಅವರಿಗೆ ಗೊತ್ತಿತ್ತು. ಚೊಗರು ಒಂದೇ, ಸುಣ್ಣ ಸೇರಿದರೆ ಕೆಂಪಿನ ಕಡೆಗೆ ತಿರುಗುತ್ತದೆ, ಪಟಿಕ ಸೇರಿದರೆ ಕಂದುಬಣ್ಣವಾಗಿ ನೂಲಿಗೆ ಕಚ್ಚುತ್ತದೆ, ಕಬ್ಬಿಣ ಸೇರಿದರೆ ಬೂದಿಯಿಂದ ಕಪ್ಪಿನವರೆಗೆ ಇಳಿಯುತ್ತದೆ. ಬಣ್ಣಗಾರನ ವಿದ್ಯೆಯ ಅರ್ಧ ಭಾಗ ಇಷ್ಟೇ. ಉಳಿದರ್ಧ ಎಷ್ಟು ಹೊತ್ತು, ಎಷ್ಟು ಬಿಸಿ, ಯಾವ ನೀರು ಎಂಬ ಕೈಯಳತೆ. ಅದು ಕಲಿಯಲು ವರ್ಷಗಳು ಬೇಕು.

ಇದೇ ಒಗರು ಮತ್ತು ಕಬ್ಬಿಣದ ವಿದ್ಯೆ ನಮ್ಮಿಂದ ಬಹುದೂರದ ಒಂದು ದೇಶದಲ್ಲಿ ಹೇಗೆ ಹೊಸ ಚಿತ್ರಕಲೆಯಾಯಿತೆಂಬುದನ್ನು ಸದಸ್ಯರು ತಿಳಿಯಬೇಕು. ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಬಮನ ಎಂಬ ಜನರಿದ್ದಾರೆ. ಅವರ ಊರುಗಳಲ್ಲಿ ಗಂಡಸರು ಹತ್ತಿಯ ನೂಲಿನಿಂದ ಕಿರಿದಾದ ಪಟ್ಟಿಗಳನ್ನು ನೇಯುತ್ತಾರೆ, ಪಟ್ಟಿಗಳನ್ನು ಜೋಡಿಸಿ ಹೊಲಿದರೆ ಬಟ್ಟೆಯಾಗುತ್ತದೆ. ಮುಂದಿನ ಕೆಲಸ ಹೆಂಗಸರದು. ನಮ್ಮ ದಿಂಡಿಗದ ಹತ್ತಿರದ ಸಂಬಂಧಿಯಾದ ಒಂದು ಮರದ ಸೊಪ್ಪಿನ ರಸದಲ್ಲಿ ಬಟ್ಟೆಯನ್ನು ಅದ್ದುತ್ತಾರೆ. ಅದು ಹಳದಿಯಾಗಿ ಒಣಗುತ್ತದೆ. ಕೆರೆಯ ತಳದ ಕೆಸರನ್ನು ತಂದು ಮಣ್ಣಿನ ಗಡಿಗೆಯಲ್ಲಿ ತಿಂಗಳುಗಟ್ಟಲೆ, ಕೆಲವು ಸಲ ವರ್ಷದವರೆಗೆ, ಕೊಳೆಯಲು ಬಿಟ್ಟಿರುತ್ತಾರೆ. ಆ ಕೆಸರಿನಿಂದ ಬಟ್ಟೆಯ ಮೇಲೆ ಬರೆಯುತ್ತಾರೆ. ಬರೆಯುವುದೆಂದರೆ ನಮ್ಮ ರಂಗೋಲಿಯಂತೆ ಗೆರೆ ಎಳೆಯುವುದಲ್ಲ. ಗೆರೆಗಳನ್ನು ಖಾಲಿ ಬಿಟ್ಟು ಸುತ್ತಲಿನ ಜಾಗವನ್ನೆಲ್ಲ ಕೆಸರಿನಿಂದ ತುಂಬುವುದು. ಒಣಗಿದ ಮೇಲೆ ತೊಳೆದರೆ ಕೆಸರು ಹೋಗುತ್ತದೆ, ಕಪ್ಪು ಉಳಿಯುತ್ತದೆ. ಸೊಪ್ಪಿನ ಒಗರಿಗೆ ಕೆಸರಿನ ಕಬ್ಬಿಣ ಕಚ್ಚಿದ್ದರ ಫಲ ಅದು. ಕೊನೆಯಲ್ಲಿ ಹಳದಿಯಾಗಿ ಉಳಿದ ಗೆರೆಗಳಿಗೆ ಖಾರದ ನೀರು ಸವರಿ ಬಿಳಿ ಮಾಡುತ್ತಾರೆ. ಈ ಬಟ್ಟೆಗೆ ಬೊಗೊಲಾನ್ ಎಂದು ಹೆಸರು. ಅವರ ಭಾಷೆಯಲ್ಲಿ ಬೊಗೊ ಎಂದರೆ ಮಣ್ಣು. ಬೇಟೆಗಾರರು ಉಡುತ್ತಿದ್ದರು, ಹೆಣ್ಣುಮಕ್ಕಳಿಗೆ ಜೀವನದ ಮುಖ್ಯ ಘಟ್ಟಗಳಲ್ಲಿ ಉಡಿಸುತ್ತಿದ್ದರು. ಒಂದೊಂದು ಗುರುತಿಗೂ ಒಂದೊಂದು ಅರ್ಥ. ತಾಯಿಯಿಂದ ಮಗಳಿಗೆ ಆ ಅರ್ಥ ಹೋಗುತ್ತಿತ್ತು.

ಮಾಲಿ 1960ರಲ್ಲಿ ಸ್ವತಂತ್ರವಾಯಿತು. ರಾಜಧಾನಿ ಬಮಾಕೋದ ಕಲಾಶಾಲೆಯಲ್ಲಿ ಫ್ರೆಂಚರ ಕಾಲದ ಪದ್ಧತಿಯೇ ಮುಂದುವರಿದಿತ್ತು. ಕ್ಯಾನ್‌ವಾಸು, ಎಣ್ಣೆಬಣ್ಣ, ಎಲ್ಲವೂ ಹೊರಗಿನಿಂದ ಬರಬೇಕು. ಆ ಶಾಲೆಯಲ್ಲಿ ಕಲಿತ 6 ಮಂದಿ ತರುಣರು 1978ರಲ್ಲಿ ಒಂದು ತಂಡ ಕಟ್ಟಿಕೊಂಡರು. ಬೊಗೊಲಾನ್ ಕಸೊಬಾನೆ ಎಂದು ಅದರ ಹೆಸರು. ಅವರು ಹಳ್ಳಿಗಳಿಗೆ ಹೋಗಿ, ಬಟ್ಟೆಗೆ ಬಣ್ಣ ಹಾಕುತ್ತಿದ್ದ ಹಿರಿಯ ಹೆಂಗಸರ ಬಳಿ ಸೊಪ್ಪು, ತೊಗಟೆ, ಕೆಸರುಗಳ ಪಾಠ ಹೇಳಿಸಿಕೊಂಡರು. ಹಿಂದಿರುಗಿ ಅದೇ ಸಾಮಗ್ರಿಯಿಂದ ದೊಡ್ಡ ಬಟ್ಟೆಗಳ ಮೇಲೆ ಚಿತ್ರ ಬರೆಯತೊಡಗಿದರು. ಎಣ್ಣೆಬಣ್ಣದ ಅಭ್ಯಾಸ ಬಿಟ್ಟು ಕೆಸರು ಹಿಡಿದದ್ದು ಬಡತನದಿಂದ ಮಾತ್ರವಲ್ಲ, ನಮ್ಮ ಚಿತ್ರಕ್ಕೆ ನಮ್ಮ ನೆಲದ ಬಣ್ಣವೇ ಆಗಬೇಕೆಂಬ ಹಠದಿಂದ. ಅವರು ಆರು ಮಂದಿ ಕೂಡಿ ಒಂದೇ ಚಿತ್ರ ಬರೆಯುತ್ತಿದ್ದುದೂ ಉಂಟು. ಸಹಕಾರ ತತ್ತ್ವ ಹಾಲು ಅಡಿಕೆಗಳಿಗೆ ಮಾತ್ರ ಸೀಮಿತವಲ್ಲವೆಂಬುದಕ್ಕೆ ಇದೊಂದು ದೃಷ್ಟಾಂತ.

ಅದೇ ಸುಮಾರಿಗೆ ಮಾಲಿಯವರೇ ಆದ ಕ್ರಿಸ್ ಸೇಡೂ ಎಂಬ ಉಡುಪು ತಯಾರಕರು ಈ ಬಟ್ಟೆಯನ್ನು ಪ್ಯಾರಿಸ್ಸಿನ ಫ್ಯಾಷನ್ ಲೋಕಕ್ಕೆ ಪರಿಚಯಿಸಿದರು. ಅವರು 1994ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಬೊಗೊಲಾನ್ ಗುರುತುಗಳು ಜಗತ್ತಿಗೆಲ್ಲ ಹಬ್ಬಿದ್ದವು. ಹಬ್ಬಿದ ಮೇಲೆ ಏನಾಯಿತೆಂಬುದು ಬೆಳೆಗಾರರಾದ ನಮಗೆ ಚಿರಪರಿಚಿತ ಕಥೆಯೇ. ಕಾರ್ಖಾನೆಗಳು ಅದೇ ನಮೂನೆಯನ್ನು ರಾಸಾಯನಿಕ ಬಣ್ಣದಲ್ಲಿ ಗಜಗಟ್ಟಲೆ ಅಚ್ಚು ಹಾಕಿದವು. ಅದರಲ್ಲಿ ಕೆಸರೂ ಇಲ್ಲ, ಸೊಪ್ಪೂ ಇಲ್ಲ, ವರ್ಷಗಟ್ಟಲೆ ಗಡಿಗೆ ಕಾದ ಹೆಂಗಸಿನ ಹೆಸರಂತೂ ಇಲ್ಲವೇ ಇಲ್ಲ. ಚಿತ್ರಕಾರನ ಬಟ್ಟೆಗೆ ಸಹಿ ಇದೆ, ಆದ್ದರಿಂದ ಬೆಲೆಯಿದೆ. ಹಳ್ಳಿಯ ಬಟ್ಟೆಗೆ ಸಹಿ ಇಲ್ಲ. ತಂಡದ ತರುಣರು ಕಲಿಸಿದವರನ್ನು ಮರೆಯಲಿಲ್ಲ, ಅದಕ್ಕಾಗಿ ಅವರನ್ನು ಮೆಚ್ಚುತ್ತೇವೆ. ಆದರೆ ಒಬ್ಬರ ಸಜ್ಜನಿಕೆಯನ್ನು ನಂಬಿ ಒಂದು ಊರಿನ ವಿದ್ಯೆಯನ್ನು ಪೇಟೆಗೆ ಬಿಡುವುದು ಲೆಕ್ಕವಿಲ್ಲದೆ ಮಾಲು ಕಳಿಸಿದಂತೆಯೇ.

ಅಷ್ಟು ದೂರವೇಕೆ, ನಮ್ಮ ನೆರೆಯ ಆಂಧ್ರದ ಶ್ರೀಕಾಳಹಸ್ತಿಗೆ ಬರೋಣ. ಅಲ್ಲಿನ ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಕೂಡ ಇದೇ ವಿದ್ಯೆ. ಬಟ್ಟೆಯನ್ನು ಮೊದಲು ಅಳಲೆಕಾಯಿಯ ಒಗರಿನಲ್ಲೂ ಎಮ್ಮೆಯ ಹಾಲಿನಲ್ಲೂ ನೆನೆಸಿ ಒಣಗಿಸುತ್ತಾರೆ. ಹಾಲಿನ ಜಿಡ್ಡು ಬಣ್ಣ ಹರಡದಂತೆ ತಡೆಯುತ್ತದೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಹುಳಿಬರಿಸಿ ಕಸಿಮಿ ಎಂಬ ನೀರು ತಯಾರಿಸುತ್ತಾರೆ. ಬಿದಿರಿನ ಕಡ್ಡಿಗೆ ಬಟ್ಟೆ ಸುತ್ತಿದ ಲೇಖನಿಯನ್ನು ಅದರಲ್ಲಿ ಅದ್ದಿ ಬರೆದರೆ, ತಾಗಿದ ಕಡೆಯಲ್ಲಿ ಗೆರೆ ಕಪ್ಪಾಗಿ ಮೂಡುತ್ತದೆ. ಅಳಲೆಯ ಜಾಗದಲ್ಲಿ ಚೊಗರನ್ನಿಟ್ಟು ನೋಡಿದರೆ ನಮ್ಮ ಕಪ್ಪಾದ ಕತ್ತಿಯ ಕಥೆಯೇ.

ಈ ಕಲೆ ಒಂದು ಕಾಲಕ್ಕೆ ಅಳಿಯುವ ಅಂಚಿಗೆ ಬಂದಿತ್ತು. 1950ರ ದಶಕದಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಮುಖ್ಯಸ್ಥೆಯಾಗಿದ್ದ ಕಮಲಾದೇವಿ ಚಟ್ಟೋಪಾಧ್ಯಾಯರ ಪ್ರಯತ್ನದಿಂದ ಶ್ರೀಕಾಳಹಸ್ತಿಯಲ್ಲಿ ತರಬೇತಿ ಕೇಂದ್ರ ಆರಂಭವಾಗಿ ಅದು ಉಳಿಯಿತು. ಕಮಲಾದೇವಿಯವರು ಮಂಗಳೂರಿನಲ್ಲಿ ಹುಟ್ಟಿದವರೆಂಬುದನ್ನು ನಮ್ಮ ಕರಾವಳಿಯ ಸದಸ್ಯರು ಅಭಿಮಾನದಿಂದ ನೆನೆಯಬಹುದು. ಅಲ್ಲಿ ಕಲಿತವರಲ್ಲಿ ಜೊನ್ನಲಗಡ್ಡ ಗುರಪ್ಪ ಚೆಟ್ಟಿಯವರಿಗೆ 2008ರಲ್ಲಿ ಪದ್ಮಶ್ರೀ ಬಂತು. ಇಂದು ಬರೋಡಾದ ಕಲಾಶಾಲೆಯಲ್ಲಿ ಓದಿದ ಲಾವಣ್ಯ ಮಣಿ ಎಂಬ ಚಿತ್ರಕಾರ್ತಿ ಇದೇ ಕಲಂಕಾರಿಯ ಪದ್ಧತಿಯನ್ನೂ ಗಿಡದ ಬಣ್ಣಗಳನ್ನೂ ಹಿಡಿದು ಬೃಹತ್ ಬಟ್ಟೆಗಳ ಮೇಲೆ ಬರೆಯುತ್ತಿದ್ದಾರೆ. ದೇವರ ಕಥೆಯ ಬದಲು ಅವರು ಬರೆಯುವುದು ಬಟ್ಟೆ ಮತ್ತು ಬಣ್ಣಗಳ ವ್ಯಾಪಾರಕ್ಕೆ ಹಡಗು ಹತ್ತಿ ಬಂದವರ ಕಥೆಯನ್ನು. ಬಣ್ಣದಿಂದಲೇ ಬಣ್ಣದ ವ್ಯಾಪಾರದ ಕಥೆ ಹೇಳುವುದು ನಮಗಂತೂ ಬಹಳ ಯೋಗ್ಯವಾದ ಕೆಲಸವಾಗಿ ಕಂಡಿದೆ. ಏಕೆಂದರೆ ಆ ಕಥೆಯಲ್ಲಿ ರೈತನಿದ್ದಾನೆ.

ಬಣ್ಣ ಬೆಳೆದ ರೈತರ ಗತಿ ಏನಾಯಿತೆಂಬುದನ್ನು ಮರೆತು ಚೊಗರಿನ ಭವಿಷ್ಯದ ಮಾತಾಡುವುದು ಸರಿಯಲ್ಲ. ಫ್ರಾನ್ಸಿನ ವೋಕ್ಲೂಜ್ ಪ್ರಾಂತ್ಯದಲ್ಲಿ ಮಂಜಿಷ್ಠದ ಜಾತಿಯ ಕೆಂಪು ಬೇರನ್ನು ಬೆಳೆದು ಜನ ಸುಖವಾಗಿದ್ದರು. 1868ರಲ್ಲಿ ಜರ್ಮನಿಯ ಇಬ್ಬರು ರಸಾಯನ ವಿಜ್ಞಾನಿಗಳು ಅದೇ ಕೆಂಪನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಹತ್ತಾರು ವರ್ಷಗಳಲ್ಲಿ ಆ ಹೊಲಗಳ ಬೇಸಾಯ ನಿಂತೇ ಹೋಯಿತು. ನಮ್ಮ ಬಿಹಾರದ ನೀಲಿಯ ಕಥೆ ಇನ್ನೂ ಕಹಿ. ಚಂಪಾರಣದ ರೈತ ತನ್ನ ಭೂಮಿಯ 20 ಪಾಲಿನಲ್ಲಿ 3 ಪಾಲಿಗೆ ಕಡ್ಡಾಯವಾಗಿ ನೀಲಿ ಹಾಕಬೇಕಿತ್ತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಪೇಟೆಗೆ ಬಿಟ್ಟಿತು. ಆ ವರ್ಷ ಜಗತ್ತಿನಲ್ಲಿ ಗಿಡದಿಂದ ತೆಗೆದ ನೀಲಿ ಸುಮಾರು 19,000 ಟನ್ನು. 1914ರ ಹೊತ್ತಿಗೆ ಅದು ಸುಮಾರು 1,000 ಟನ್ನಿಗೆ ಇಳಿದಿತ್ತು. ನೀಲಿಗೆ ಬೆಲೆ ಬಿದ್ದಾಗ ಬಿಳಿಯ ತೋಟಗಾರರು ರೈತನನ್ನು ನೀಲಿಯಿಂದ ಬಿಡಿಸಲು ಅವನಿಂದಲೇ ಹೆಚ್ಚಿನ ಗೇಣಿಯನ್ನೋ ಇಡಿಗಂಟನ್ನೋ ವಸೂಲು ಮಾಡಿದರು. ಬೆಳೆಸಿದ್ದೂ ಜುಲ್ಮೆಯಿಂದ, ಬಿಡಿಸಿದ್ದೂ ಜುಲ್ಮೆಯಿಂದ. 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದದ್ದು ಈ ಕಾರಣಕ್ಕೆ.

ಆದ್ದರಿಂದ ಬಣ್ಣದ ಬೇಡಿಕೆ ಬಂದಿದೆಯೆಂದು ಯಾರಾದರೂ ಗದ್ದೆಯಲ್ಲಿ ನೀಲಿ ನೆಡಿ, ತೋಟ ತೆಗೆದು ಬಣ್ಣದ ಗಿಡ ಹಾಕಿ ಎಂದು ಹೇಳಿದರೆ ಕಿವಿಗೊಡಬಾರದು. ಬಣ್ಣಕ್ಕಾಗಿಯೇ ಬೆಳೆದ ಬೆಳೆ ಪೇಟೆಯ ಮರ್ಜಿಗೆ ಸಿಕ್ಕಿದ ಬೆಳೆ. ಚೊಗರಿನ ಗುಣವಿರುವುದು ಬೇರೆ ಕಡೆ. ಅದಕ್ಕೆಂದು ಒಂದು ಗುಂಟೆ ಜಾಗ ಬೇಡ, ಒಂದು ಕಟ್ಟು ಸೌದೆ ಹೆಚ್ಚಿಗೆ ಬೇಡ. ಅಡಿಕೆ ಬೇಯಿಸಿದ ಮನೆಯಲ್ಲಿ ಅದು ಆಗಿಯೇ ಇರುತ್ತದೆ. ಮಾರಿದರೆ ಲಾಭ, ಮಾರದಿದ್ದರೆ ನಷ್ಟವಿಲ್ಲ. ಹಳ್ಳಕ್ಕೆ ಹರಿಯುವ ಒಗರುನೀರು ಕಡಿಮೆಯಾದರೆ ಕೆಳಗಿನ ಮನೆಯವರ ಬೈಗುಳವೂ ಅಷ್ಟು ಕಡಿಮೆ.

ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟಬಹುದೇ ಎಂಬ ಸಂಶಯಕ್ಕೆ ಸಾಗರ ತಾಲ್ಲೂಕಿನಲ್ಲಿ ಬಹುಹಿಂದೆಯೇ ಉತ್ತರ ಸಿಕ್ಕಿದೆ. ಅಡಿಕೆ ಬೆಳೆಗಾರರೇ ಆಗಿದ್ದ ಕೆ. ವಿ. ಸುಬ್ಬಣ್ಣನವರು ನೀನಾಸಮ್ ಕಟ್ಟಿದ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ, 1990ರ ದಶಕದಲ್ಲಿ, ರಂಗಕರ್ಮಿ ಪ್ರಸನ್ನರ ಪ್ರೇರಣೆಯಿಂದ ಚರಕ ಎಂಬ ಮಹಿಳಾ ಸಹಕಾರ ಸಂಘ ಹುಟ್ಟಿತು. ಅಲ್ಲಿನ ಹೆಂಗಸರು ಕೈಮಗ್ಗದ ನೂಲಿಗೆ ಅಡಿಕೆ ಚೊಗರಿನ ಬಣ್ಣ ಕಟ್ಟಿ ತೋರಿಸಿದರು. ಆ ಕಂದುಬಣ್ಣದ ಜುಬ್ಬಾ ತೊಟ್ಟು ಬೆಂಗಳೂರಿನ ಸಭೆಗಳಲ್ಲಿ ಓಡಾಡುವವರಲ್ಲಿ ಎಷ್ಟು ಜನಕ್ಕೆ ಅದು ಯಾರದೋ ಮನೆಯ ಹಂಡೆಯ ತಳದಿಂದ ಬಂದದ್ದೆಂದು ಗೊತ್ತಿದೆಯೋ! ಸಹಕಾರ ಸಂಘವೊಂದು ಮಾಡಿದ ಕೆಲಸವಿದು ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಅದೇ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರವನ್ನೂ ಇಲ್ಲಿ ಹೇಳಬೇಕು. ಮದುವೆಯಲ್ಲಿ ಹಸೆಗೋಡೆಯ ಮೇಲೆ ಹೆಂಗಸರು ಬರೆಯುವ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ, ಇಷ್ಟೇ ಬಣ್ಣ, ಪುಂಡಿನಾರಿನ ಕುಂಚ. ಈಗ ಅದು ಗೋಡೆಯಿಂದ ಇಳಿದು ಕಾಗದ, ಹಲಗೆ, ಬಟ್ಟೆಗಳಿಗೆ ಬಂದಿದೆ, ಪಟ್ಟಣಗಳ ಕಟ್ಟಡಗಳ ಮೇಲೂ ಏರಿದೆ. ಸಂತೋಷವೇ. ಆದರೆ ಗೋಡೆ ಸಿಮೆಂಟಿನದಾಗಿ, ಬಣ್ಣ ಡಬ್ಬದ್ದಾಗಿ, ಗೆರೆ ಮಾತ್ರ ಹಳೆಯದಾಗಿ ಉಳಿದರೆ ಉಳಿದದ್ದು ಚಿತ್ತಾರದ ಅರ್ಧ ಭಾಗ ಎಂಬುದು ನಮ್ಮ ಅಭಿಪ್ರಾಯ. ಗುರಿಗೆಕಾಯಿ ಯಾವ ಮರದಲ್ಲಿ ಯಾವ ತಿಂಗಳು ಬಲಿಯುತ್ತದೆಂದು ಬಲ್ಲ ಅಜ್ಜಿ ಇರುವ ತನಕ ಇನ್ನರ್ಧವೂ ಇರುತ್ತದೆ. ಬರೆಯುವವರು ಆಕೆಯನ್ನು ಕೇಳಬೇಕು.

ಇದೇ ಮಾತು ನಮ್ಮ ಅಡಿಕೆಮನೆಗಳಿಗೂ ಅನ್ವಯಿಸುತ್ತದೆ. ಆಳಿನ ಅಭಾವದಿಂದ ಖೇಣಿ ಕೊಡುವವರು ಹೆಚ್ಚಿದ್ದಾರೆ. ಹಸಿ ಅಡಿಕೆ ಗೊನೆ ಸಮೇತ ಲಾರಿ ಹತ್ತುತ್ತದೆ. ಅನೇಕ ಮನೆಗಳಲ್ಲಿ ಹಂಡೆ ಅಟ್ಟ ಸೇರಿದೆ. ಚಾಲಿ ಮಾಡುವ ಕಡೆ ಬೇಯಿಸುವ ಪ್ರಶ್ನೆಯೇ ಇಲ್ಲ. ಅವರವರ ಅನುಕೂಲ, ಇದನ್ನು ಟೀಕಿಸುವ ಅಧಿಕಾರ ನಮಗಿಲ್ಲ. ಆದರೆ ಚೊಗರು ನೀಳವಾಗಿ ಎಳೆಯುತ್ತದೆಯೇ, ಅಡಿಕೆಗೆ ಹೊಳಪು ಬಂತೇ, ಇನ್ನೊಂದು ಉರಿ ಬೇಕೇ ಎಂದು ಸೌಟಿನಲ್ಲಿ ಎತ್ತಿ ನೋಡಿ ಹೇಳಬಲ್ಲವರು ಮನೆಯ ಹೆಂಗಸರು ಮತ್ತು ವರ್ಷವರ್ಷ ಬರುತ್ತಿದ್ದ ಕೆಲಸದವರು. ಆ ಕಣ್ಣಳತೆ ಇನ್ನು ಹತ್ತು ವರ್ಷಕ್ಕೆ ಎಷ್ಟು ಮನೆಗಳಲ್ಲಿ ಉಳಿದೀತು? ಬಣ್ಣದವರಿಗೆ ಬೇಕಾದದ್ದು ಆ ಕಣ್ಣಳತೆಯೇ. ಅವರು ಹಣ ಕೊಟ್ಟು ಕೊಳ್ಳಬೇಕಾದದ್ದೂ ಅದನ್ನೇ. ಆದುದರಿಂದ ಚೊಗರು ಮಾರಿ ಬಂದ ಹಣದಲ್ಲಿ ಬೇಯಿಸಿದವರಿಗೆ ಇಂತಿಷ್ಟು ಪಾಲು ಎಂದು ಮೊದಲೇ ಗೊತ್ತುಮಾಡಬೇಕೆಂದು ಒತ್ತಾಯಿಸುತ್ತೇವೆ. ತೋಟದ ಯಜಮಾನರಿಗೆ ಇದು ಕೊಂಚ ಇರಿಸುಮುರಿಸಾದೀತು, ಆಗಲಿ.

ಚೊಗರಿನಿಂದ ಕೊಪ್ಪರಿಗೆ ಹಣ ಬರುತ್ತದೆಂದು ನಾವು ಹೇಳುತ್ತಿಲ್ಲ. ಚಿತ್ರಕಾರ ಟ್ಯಾಂಕರ್ ತರುವುದಿಲ್ಲ, ಕ್ಯಾನ್ ತರುತ್ತಾನೆ. ಬಣ್ಣದ ದೋಷಗಳನ್ನೂ ಮುಚ್ಚಿಡಬಾರದು. ಒಗರಿನ ಕಂದು ಬಿಸಿಲಿಗೆ ಬದಲಾಗುತ್ತದೆ. ಕಬ್ಬಿಣ ಹೆಚ್ಚಾದರೆ ಕಪ್ಪು ಚೆನ್ನಾಗಿ ಬಂದರೂ ಕಾಲಕ್ರಮದಲ್ಲಿ ನೂಲನ್ನು ತಿನ್ನುತ್ತದೆ. ವಸ್ತುಸಂಗ್ರಹಾಲಯಗಳ ಹಳೆಯ ಬಟ್ಟೆಗಳಲ್ಲಿ ಮೊದಲು ಉದುರುವುದು ಕಪ್ಪು ಭಾಗಗಳೇ. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತವನ್ನು ಬಣ್ಣ ಕಚ್ಚಿಸಲು ಬಳಸುವ ಪದ್ಧತಿಯೂ ಉಂಟು, ಆದರೆ ಆ ನೀರು ಹಳ್ಳಕ್ಕೆ ಹೋದರೆ ಮೀನಿಗೆ ವಿಷ. ಕೊಳ್ಳುವವರಿಗೆ ಇದನ್ನೆಲ್ಲ ತಿಳಿಸಿಯೇ ಕೊಡಬೇಕು. ಇಷ್ಟಾಗಿಯೂ ಇದನ್ನು ಏಕೆ ಹೇಳುತ್ತಿದ್ದೇವೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದ ಮೇಲೆ, ಜಗಿಯುವುದರ ಹೊರತಾದ ಅಡಿಕೆಯ ಪ್ರತಿಯೊಂದು ಉಪಯೋಗವೂ, ಎಷ್ಟೇ ಸಣ್ಣದಾಗಿರಲಿ, ನಮ್ಮ ಪಾಲಿಗೆ ಮುಖ್ಯವಾಗಿದೆ.

ಕಾಫಿ ಬೆಳೆಗಾರರಿಗೆ ಹೇಳುತ್ತೇವೆಂದ ಮಾತು ಇದು. ನಿಮ್ಮ ನೆರಳಿನ ಮರಗಳಲ್ಲಿ ಬಣ್ಣದ ಮರಗಳಿವೆ. ಹಲಸಿನ ಕೆಚ್ಚಿನಿಂದ ಬರುವ ಹಳದಿಯಲ್ಲಿ ಬರ್ಮಾ ಮತ್ತು ಸಿಂಹಳದ ಬೌದ್ಧ ಭಿಕ್ಷುಗಳು ಚೀವರ ಅದ್ದುತ್ತಿದ್ದರು. ಅಳಲೆ, ತಾರೆ ಕಾಯಿಗಳ ಒಗರು ಚೊಗರಿನ ಸೋದರ. ಆದರೆ ಬಣ್ಣಕ್ಕೆಂದು ಬರುವವರಿಗೆ ಬಿದ್ದ ಕಾಯಿ, ಹಲಸಿನ ಮರ ಕೊಯ್ಸಿದಾಗಿನ ಗರಗಸದ ಪುಡಿ, ಇಷ್ಟನ್ನು ಕೊಡಿ. ನಿಂತ ಮರದ ತೊಗಟೆಗೆ ಕತ್ತಿ ಹಾಕಲು ಯಾರಿಗೂ ಬಿಡಬೇಡಿ. ಸುತ್ತ ತೊಗಟೆ ಸುಲಿದ ಮರ ಉಳಿಯುವುದಿಲ್ಲ, ಅದರ ಕೆಳಗಿನ ಕಾಫಿ ಗಿಡದ ಗತಿ ನಿಮಗೇ ಗೊತ್ತು.

ಸಂಘದ ಆಡಳಿತ ಮಂಡಲಿಯ ಮುಂದೆ ನಾವು ಇಡುತ್ತಿರುವ ಸೂಚನೆ ಸರಳವಾಗಿದೆ. ಮುಂಬರುವ ಸುಗ್ಗಿಯಲ್ಲಿ ಇಷ್ಟವಿದ್ದ ಸದಸ್ಯರಿಂದ ಗಟ್ಟಿ ಚೊಗರನ್ನು ಪಡೆದು ಗೋದಾಮಿನ ಒಂದು ಮೂಲೆಯಲ್ಲಿ ಇಡಬೇಕು. ಹೊರಗಿನ ಯಾವ ಬಣ್ಣವೂ ಬೆರೆಯದ ಚೊಗರು ಮಾತ್ರ. ಅಡಿಕೆಗೆ ಅಂಗಡಿಯ ಬಣ್ಣ ಹಾಕುವವರು ದಯವಿಟ್ಟು ದೂರವಿರಬೇಕು, ಅವರ ಒಂದು ಡಬ್ಬ ಎಲ್ಲರ ಹೆಸರನ್ನೂ ಕೆಡಿಸೀತು. ಡಬ್ಬ ಪ್ಲಾಸ್ಟಿಕ್ಕಿನದಾಗಿರಲಿ, ಕಬ್ಬಿಣದ ಡ್ರಮ್ಮು ಬೇಡ. ಪ್ರತಿ ಡಬ್ಬದ ಮೇಲೆ ಊರು, ತಿಂಗಳು, ಎಷ್ಟನೆಯ ಹಂಡೆಯದು, ಯಾವ ಪಾತ್ರೆಯಲ್ಲಿ ಬೇಯಿಸಿದ್ದು ಮತ್ತು ಬೇಯಿಸಿದವರ ಹೆಸರು, ಐದನ್ನೂ ಬರೆದಿರಬೇಕು. ಬೆಲೆಯನ್ನು ಮಂಡಲಿ ನಿಗದಿ ಮಾಡಲಿ. ಬೇಯಿಸುವವರ ಪಾಲಿನ ವಿಷಯ ಸದಸ್ಯರು ಸಭೆಯಲ್ಲಿಯೇ ಚರ್ಚಿಸಲಿ. ಒಪ್ಪಿಗೆಯಿರುವವರು ತಮ್ಮ ಹೆಸರನ್ನು ಗೌರಿ ಹಬ್ಬದೊಳಗೆ ಶಾಖಾ ಕಚೇರಿಯಲ್ಲಿ ಬರೆಸಬಹುದು.